ಪದಚರ್ಚೆ: ‘ಗೇಮಿಫಿಕೇಶನ್’, ‘ಸ್ಟ್ರೀಕ್’, ‘ಪರ್ಸನಲೈಸೇಶನ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ವಿಜಯಪುರದಿಂದ ಬರೆಯುತ್ತಿದ್ದೇನೆ. ಪದವಿ ವಿದ್ಯಾರ್ಥಿಗಳ ಒಂದು ಆನ್‌ಲೈನ್ ಕೋರ್ಸಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರಲ್ಲಿ ಹೆಚ್ಚಿನವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹುಡುಗಿಯರು. ಮೊಬೈಲಿನಲ್ಲೇ ಪಾಠ, ಮೊಬೈಲಿನಲ್ಲೇ ಕಿರುಪರೀಕ್ಷೆ. ಕೆಲವು ಪದಗಳು ಬಗೆಹರಿಯುತ್ತಿಲ್ಲ.

ಮೊದಲನೆಯದು ‘ಗೇಮಿಫಿಕೇಶನ್’. ‘ಆಟೀಕರಣ’ ಎಂದರೆ ಓದನ್ನೇ ಆಟ ಮಾಡಿಬಿಡುವುದು ಎಂಬ ಅರ್ಥ ಬರುತ್ತದೆ. ಆದರೆ 2011ರಲ್ಲಿ ಸಂಶೋಧಕ ಸೆಬಾಸ್ಟಿಯನ್ ಡಿಟರ್ಡಿಂಗ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ಬೇರೆ: ಆಟವಲ್ಲದ ಕಡೆ ಆಟದ ಅಂಶಗಳನ್ನು ಬಳಸುವುದು. ಅಂಕ, ಬ್ಯಾಡ್ಜು, ಹಂತ, ಮುಂದಿರುವವರ ಪಟ್ಟಿ ಇಂಥವು ಆ ಅಂಶಗಳು. ಅರ್ಥಶಾಸ್ತ್ರದ ಪಾಠ ಪಾಠವಾಗಿಯೇ ಇರುತ್ತದೆ. ಆಟ ಆಡಿಸಿಯೇ ಕಲಿಸುವ ಪದ್ಧತಿಯೂ ಇದೆ. ಅದಕ್ಕೂ ಇದಕ್ಕೂ ಒಂದೇ ಪದವಾದರೆ ಗೊಂದಲ ಜಾಸ್ತಿ, ಅಲ್ವಾ? ಸದ್ಯಕ್ಕೆ ‘ಆಟ ಬೆರೆತ ಕಲಿಕೆ’ ಎಂದು ಬರೆದಿದ್ದೇನೆ. ಬ್ಯಾಡ್ಜಿಗೆ ‘ಬಿಲ್ಲೆ’ ಸಾಕು.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಸ್ಟ್ರೀಕ್’. ಭಾಷೆ ಕಲಿಸುವ ಡ್ಯುಯೊಲಿಂಗೊ ಆ್ಯಪ್ ಬಳಸಿದವರಿಗೆ ಗೊತ್ತು, ದಿನ ಬಿಡದೆ ಪಾಠ ಮಾಡಿದರೆ ಎಣಿಕೆ ಏರುತ್ತಾ ಹೋಗುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದ. ನನಗೆ ಬಂದ ಯಂತ್ರಾನುವಾದದಲ್ಲಿ ‘ನಿಮ್ಮ ಗೆರೆ ಮುರಿದಿದೆ’ ಎಂದಿತ್ತು. ಇದನ್ನು ಓದಿದ ಹುಡುಗಿಗೆ ಏನು ತಿಳಿಯಬೇಕು? ‘ಸತತ ದಿನಗಳು’ ಎಂದರೆ ಅರ್ಥ ಸರಿ, ಆದರೆ ಮಾತಿನಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಶ್ರಾವಣದಲ್ಲಿ ನೇಮ ಹಿಡಿಯುತ್ತಾರೆ. ‘ಇವತ್ತಿಗೆ ಹನ್ನೆರಡು ದಿನದ ನೇಮ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಡಕು ಒಂದೇ. ‘ನೇಮ ತಪ್ಪಿತು’ ಅಂದಕೂಡಲೇ ಪಾಪ ಮಾಡಿದ ಭಾವ ಬರುತ್ತದೆ. ಹೊಲದ ಕೆಲಸಕ್ಕೋ ಕರೆಂಟ್ ಹೋಗಿದ್ದಕ್ಕೋ ಪಾಠ ತಪ್ಪಿಸಿದವಳಿಗೆ ಆ ಹೆದರಿಕೆ ಬೇಡ. ಹಾಗಾಗಿ ತಪ್ಪಿದ ದಿನಕ್ಕೆ ‘ಬಿಡುವು’ ಎಂದು ಬರೆದು, ‘ನೇಮ ಮುಂದುವರಿಸಿ’ ಎಂಬ ಗುಂಡಿ ಇಡೋಣ ಎಂದುಕೊಂಡಿದ್ದೇನೆ. ‘ಸಾಲು’ ಎಂಬ ಪದವೂ ಮನಸ್ಸಿನಲ್ಲಿದೆ.

ಇನ್ನು ‘ಪರ್ಸನಲೈಸೇಶನ್’. ‘ವೈಯಕ್ತೀಕರಣ’ ನಾಲಿಗೆಗೆ ಕಷ್ಟ. ಇಲ್ಲಿ ನಡೆಯುವುದೇನೆಂದು ನೋಡಿದರೆ ಪದ ಹೊಳೆಯಬಹುದು. ಕೃತಕ ಬುದ್ಧಿಮತ್ತೆ ಒಬ್ಬೊಬ್ಬರ ಉತ್ತರ, ತೆಗೆದುಕೊಂಡ ಸಮಯ, ಕೇಳಿದ ಸುಳಿವು ಎಲ್ಲ ಗಮನಿಸಿ ಮುಂದಿನ ಪ್ರಶ್ನೆಯ ಕಷ್ಟ ನಿರ್ಧರಿಸುತ್ತದೆ. ಕಲಿಯುವವರಿಗೆ ಎಷ್ಟು ಬಂದಿದೆ ಎಂದು ಅಂದಾಜಿಸುವ ಒಂದು ಹಳೆಯ ಲೆಕ್ಕಾಚಾರ ಸಂಶೋಧಕರಾದ ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದಲ್ಲಿ ಮುಂದಿಟ್ಟದ್ದು. ಬಂದಿದ್ದರೂ ಕೈತಪ್ಪಿ ತಪ್ಪು ಬರೆಯುವುದು, ಬಾರದಿದ್ದರೂ ಊಹಿಸಿ ಸರಿ ಹೇಳುವುದು, ಎರಡನ್ನೂ ಅದು ಎಣಿಕೆಗೆ ತೆಗೆದುಕೊಳ್ಳುತ್ತದೆ. ಆಟದ ಅಂಶಗಳನ್ನೂ ಹೀಗೇ ಒಬ್ಬೊಬ್ಬರಿಗೆ ತಕ್ಕಂತೆ ಬದಲಿಸಬಹುದು. ಪಟ್ಟಿಯ ತಳದಲ್ಲಿರುವವಳಿಗೆ ಇಡೀ ತರಗತಿಯ ಪಟ್ಟಿ ತೋರಿಸಿದರೆ ಅವಳು ಆ್ಯಪ್ ಮುಚ್ಚಿಬಿಡಬಹುದು. ಅವಳ ಹಿಂದಿನ ವಾರದ ಅಂಕವನ್ನಷ್ಟೇ ಪಕ್ಕದಲ್ಲಿಟ್ಟರೆ ಮುಂದಿನ ಪ್ರಶ್ನೆಗೆ ಕೈ ಹಾಕಬಹುದು. ಹಿಂಗಾರಿ ಜೋಳಕ್ಕೆ ನೆಲದ ಹದ ನೋಡಿ ಕೂರಿಗೆ ಹೂಡುವ ಹಾಗೆ. ಅದಕ್ಕೇ ‘ಹದವರಿತ ಕಲಿಕೆ’ ಎಂದರೆ ಹೇಗೆ? ನನಗಂತೂ ಇದು ಬಹಳ ಹಿಡಿಸಿದೆ.

ಕೊನೆಗೆ ಒಂದು ಸಣ್ಣ ಅನುಮಾನ. ಒಂದು ಹಂತ ಪೂರ್ತಿ ಮುಗಿಸಿದಾಗ ಪರದೆಯ ಮೇಲೆ ‘ಹಣ್ಣಾಯಿತು!’ ಎಂದು ಹಾಕಬಹುದೇ? ಚೌಕಾಬಾರ ಆಡಿದವರಿಗೆ ಕಾಯಿ ಹಣ್ಣಾಗುವ ಖುಷಿ ಗೊತ್ತು. ಆದರೆ ‘ದುಡಿದು ಹಣ್ಣಾದಳು’ ಎಂದೂ ಹೇಳುತ್ತೇವಲ್ಲ, ಆ ಅರ್ಥ ಅಡ್ಡ ಬರುತ್ತದೆಯೇ? ಬಾಗಲಕೋಟೆ, ಬೆಳಗಾವಿ ಕಡೆಯವರು ತಮ್ಮೂರಿನ ಆಟದಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ತಿಳಿಸಿದರೆ ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ಸೇರಿಸುತ್ತೇನೆ.