ಸ್ವಂತ ಪಿಕಪ್‌ಗೆ 14,000 ಪೌಂಡ್‌ಗಳ ಟ್ರೇಲರ್: ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ, ಲೈಸೆನ್ಸ್ ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಿಂದ ನಲವತ್ತು ಮೈಲಿ ದೂರದಲ್ಲಿ ನಮಗೆ ಐದು ಎಕರೆ ಜಮೀನಿದೆ. ಅಲ್ಲಿಗೆ ಸಣ್ಣ ಟ್ರ್ಯಾಕ್ಟರನ್ನು ಆಗಾಗ ಸಾಗಿಸಬೇಕಾಗಿರುವುದರಿಂದ ಒಂದು ಟ್ರೇಲರ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ನನ್ನ ಪಿಕಪ್‌ನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಜಿವಿಡಬ್ಲ್ಯುಆರ್ (ಹೊರೆ ಸೇರಿ ಗಾಡಿ ತೂಗಬಹುದಾದ ಗರಿಷ್ಠ ತೂಕ ಎಂದು ತಯಾರಕರು ನಿಗದಿಪಡಿಸಿದ ರೇಟಿಂಗ್) 12,400 ಪೌಂಡ್ ಎಂದಿದೆ. ಮಾರಾಟಗಾರರು ತೋರಿಸುತ್ತಿರುವ ಟ್ರೇಲರ್‌ನದು 14,000 ಪೌಂಡ್. ಸ್ವಂತ ಉಪಯೋಗಕ್ಕಾದರೆ ಮಾಮೂಲಿ ಲೈಸೆನ್ಸ್ ಸಾಕು ಎಂದು ಅವರು ಹೇಳುತ್ತಾರೆ. ಎರಡೂ ಸೇರಿ 26,000 ಪೌಂಡ್ ದಾಟುವುದರಿಂದ ಕಮರ್ಷಿಯಲ್ ಲೈಸೆನ್ಸ್ ಬೇಕೇ ಬೇಕು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಟ್ರ್ಯಾಕ್ಟರ್, ಅದರ ಲೋಡರ್ ಮತ್ತು ಹುಲ್ಲು ಕತ್ತರಿಸುವ ಯಂತ್ರ ಸೇರಿ 5,500 ಪೌಂಡ್ ಮೀರುವುದಿಲ್ಲ. ಇವರಿಬ್ಬರಲ್ಲಿ ಯಾರ ಮಾತು ಸರಿ? ಪಿಕಪ್‌ನ ನೋಂದಣಿಯಲ್ಲೂ ಏನಾದರೂ ಬದಲಾಯಿಸಬೇಕೇ?

ಮೊದಲ ಉತ್ತರ

ಇಬ್ಬರ ಮಾತೂ ಅರ್ಧ ಮಾತ್ರ ಸರಿ. 26,001 ಪೌಂಡ್‌ಗಳ ಗಡಿ ಒಕ್ಕೂಟ ಸರ್ಕಾರದ ಕಮರ್ಷಿಯಲ್ ಲೈಸೆನ್ಸ್ ನಿಯಮದ್ದು. ಎಳೆಯುವ ಮತ್ತು ಎಳೆಯಲ್ಪಡುವ ವಾಹನಗಳ ರೇಟಿಂಗ್ ಸೇರಿ ಆ ಗಡಿ ತಲುಪಿ, ಟ್ರೇಲರೊಂದೇ 10,000 ಪೌಂಡ್ ಮೀರಿದ್ದು, ವಾಹನ ವ್ಯವಹಾರಕ್ಕಾಗಿ ಓಡುತ್ತಿದ್ದರೆ ಅದು ಅನ್ವಯಿಸುತ್ತದೆ. ನಿಮ್ಮ ಬಳಕೆ ಸ್ವಂತದ್ದಾದ್ದರಿಂದ ನೀವು ಅದರೊಳಗೆ ಬರುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾ ಒಟ್ಟು ಮೊತ್ತಕ್ಕಿಂತ ಮೊದಲು ಟ್ರೇಲರನ್ನೇ ನೋಡುತ್ತದೆ: ಎಳೆಯುವ ಟ್ರೇಲರ್‌ನ ಜಿವಿಡಬ್ಲ್ಯುಆರ್ ಅಥವಾ ನಿಜವಾದ ಒಟ್ಟು ತೂಕ 10,000 ಪೌಂಡ್ ಮೀರಿದರೆ ಕ್ಲಾಸ್ ಎ ಬೇಕು. ಅದಕ್ಕೆ ನಾನ್‌ಕಮರ್ಷಿಯಲ್ (ವ್ಯವಹಾರಕ್ಕಲ್ಲದ) ರೂಪವೂ ಇದೆ, ಆದರೆ ಯಂತ್ರ ಸಾಗಿಸುವ ಟ್ರೇಲರ್‌ಗೆ ಅದು ಸಾಕೇ ಎಂದು ಡಿಎಂವಿಯಲ್ಲಿ (ರಾಜ್ಯದ ವಾಹನ ಇಲಾಖೆ) ಕೇಳಿ ಖಚಿತಪಡಿಸಿಕೊಳ್ಳಿ. 15,000 ಪೌಂಡ್‌ವರೆಗಿನ ಫಿಫ್ತ್ ವೀಲ್ (ಪಿಕಪ್‌ನ ಹಿಂಭಾಗದ ತೊಟ್ಟಿಯೊಳಗೇ ಜೋಡಿಸುವ) ಪ್ರವಾಸಿ ಟ್ರೇಲರ್‌ಗೆ ಮಾಮೂಲಿ ಕ್ಲಾಸ್ ಸಿ ಮೇಲೆಯೇ ಒಂದು ಎಂಡಾರ್ಸ್‌ಮೆಂಟ್ (ಹೆಚ್ಚುವರಿ ಅನುಮತಿ) ಸಿಗುತ್ತದೆಯಾದರೂ ಯಂತ್ರ ಸಾಗಿಸುವ ಟ್ರೇಲರ್‌ಗೆ ಆ ವಿನಾಯಿತಿ ಇಲ್ಲ.

ನೋಂದಣಿಯ ವಿಷಯವೇ ಬೇರೆ. ಈ ರಾಜ್ಯದಲ್ಲಿ ಪಿಕಪ್‌ಗಳಿಗೆ ಸ್ವಂತ ಬಳಕೆಯಿದ್ದರೂ ಕಮರ್ಷಿಯಲ್ ಪ್ಲೇಟನ್ನೇ ಕೊಡುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ಜಿವಿಡಬ್ಲ್ಯುಆರ್ 11,500 ಪೌಂಡ್‌ಗಿಂತ ಕಡಿಮೆ, ಖಾಲಿ ತೂಕ 8,001 ಪೌಂಡ್‌ಗಿಂತ ಕಡಿಮೆ ಇರುವ ಪಿಕಪ್‌ಗಳಿಗೆ ಒಟ್ಟು ತೂಕದ ಘೋಷಣೆ ಬೇಡ. ನಿಮ್ಮದು 12,400 ಆದ್ದರಿಂದ ಬೇಕು. ಗಾಡಿಯ ಖಾಲಿ ತೂಕಕ್ಕೆ ಅದು ಹೊರಲಿರುವ ಅತಿ ಹೆಚ್ಚಿನ ಹೊರೆಯನ್ನು ಸೇರಿಸಿ ಡಿಎಂವಿಗೆ ತಿಳಿಸಬೇಕು. ಹಿಚ್ (ಟ್ರೇಲರ್ ಜೋಡಿಸುವ ಕೊಂಡಿ) ಮೇಲೆ ಕೂರುವ ಭಾರವನ್ನೂ ಆ ಹೊರೆಯಲ್ಲಿ ಎಣಿಸಿ. ಸಾಮಾನ್ಯ ಟ್ರೇಲರ್‌ಗೆ ಇಲ್ಲಿ ಶಾಶ್ವತ ಪ್ಲೇಟ್ ಸಿಗುತ್ತದೆ, ಐದು ವರ್ಷಕ್ಕೊಮ್ಮೆ ಸಣ್ಣ ಸೇವಾ ಶುಲ್ಕ ಕಟ್ಟಿದರೆ ಮುಗಿಯಿತು.

ಎರಡನೆಯ ಉತ್ತರ

ಮೂರು ವರ್ಷಗಳ ಹಿಂದೆ ನಾನು ನಾನ್‌ಕಮರ್ಷಿಯಲ್ ಕ್ಲಾಸ್ ಎ ಪಡೆದುಕೊಂಡೆ. ಲಿಖಿತ ಪರೀಕ್ಷೆ, ಆರೋಗ್ಯದ ವಿವರ, ಆಮೇಲೆ ಚಾಲನಾ ಪರೀಕ್ಷೆ. ಪರೀಕ್ಷೆಗೆ ಆ ವರ್ಗಕ್ಕೆ ಸೇರುವ ಟ್ರೇಲರನ್ನೇ ಒಯ್ಯಬೇಕು, ಅದನ್ನು ಅಲ್ಲಿಗೆ ತರುವಾಗ ಜೊತೆಯಲ್ಲಿ ಆ ಲೈಸೆನ್ಸ್ ಇರುವವರು ಇರಬೇಕು. ನನಗೆ ಕಷ್ಟವೆನಿಸಿದ್ದು ಈ ಏರ್ಪಾಡೇ ಹೊರತು ಪರೀಕ್ಷೆಯಲ್ಲ.

ಅಂದು ಪರೀಕ್ಷಕರು ಟ್ರೇಲರನ್ನು ಸುತ್ತು ಹಾಕಿ ತೋರಿಸಲು ಹೇಳಿದರು. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಕೇಬಲ್ ಅನ್ನು ನಾನು ಹಿಚ್ ಬಾಲ್ ಕೂರುವ ಕಬ್ಬಿಣದ ತುಂಡಿಗೇ ಸಿಕ್ಕಿಸಿದ್ದೆ. ಆ ತುಂಡೇ ಕಳಚಿ ಬಂದರೆ ಕೇಬಲ್ ಅದರ ಜೊತೆಗೇ ಹೋಗುತ್ತದೆ, ಬ್ರೇಕ್ ಹಿಡಿಸುವ ಪಿನ್ ಅನ್ನು ಎಳೆಯುವುದೇ ಇಲ್ಲ. ಎರಡು ವರ್ಷ ಹಾಗೆಯೇ ಓಡಿಸಿದ್ದೆನಲ್ಲ ಎಂದು ನೆನೆದು ಕೈ ತಣ್ಣಗಾಯಿತು. ಈಗ ಅದನ್ನು ಟ್ರಕ್‌ನ ಚೌಕಟ್ಟಿಗೆ ಸೇರಿದ ಬೇರೆ ಕೊಂಡಿಗೆ ಸಿಕ್ಕಿಸುತ್ತೇನೆ. ಲೈಸೆನ್ಸ್ ಬೇಕಾಗದಿದ್ದರೂ ಇದನ್ನು ದಯವಿಟ್ಟು ಒಮ್ಮೆ ಪರೀಕ್ಷಿಸಿಕೊಳ್ಳಿ.

ಮೂರನೆಯ ಉತ್ತರ

ನಿಮ್ಮ ಲೆಕ್ಕ ನೋಡಿದರೆ 14,000 ಪೌಂಡ್‌ಗಳ ಟ್ರೇಲರ್ ನಿಮಗೆ ಅಗತ್ಯವೇ ಇಲ್ಲ ಎನಿಸುತ್ತದೆ. ತಯಾರಕರೇ 9,990 ಪೌಂಡ್ ಎಂದು ಫಲಕ ಹಾಕಿದ ಟ್ರೇಲರ್‌ಗಳನ್ನು ಮಾರುವುದು 10,000 ಪೌಂಡ್‌ಗಳ ಈ ಗಡಿಯ ಕಾರಣಕ್ಕಾಗಿಯೇ. ಅದರ ಖಾಲಿ ತೂಕ 2,800 ಪೌಂಡ್ ಎಂದುಕೊಂಡರೂ ನಿಮ್ಮ 5,500 ಸೇರಿ 8,300 ಆಗುತ್ತದೆ. ಕ್ಲಾಸ್ ಸಿ ಲೈಸೆನ್ಸ್ ಸಾಕು. ಆದರೆ ಫಲಕದಲ್ಲಿ 9,990 ಇದೆಯೆಂದು ಮುಂದೊಂದು ದಿನ ಜಲ್ಲಿ ತುಂಬಿ 11,000 ಮಾಡಿದರೆ, ಮೊದಲ ಉತ್ತರದಲ್ಲಿ ಬರೆದಿರುವಂತೆ ನಿಜವಾದ ತೂಕವೂ ಗಣನೆಗೆ ಬರುವುದರಿಂದ, ಲೈಸೆನ್ಸ್ ಸಾಲದಾಗುತ್ತದೆ. ಟೈರ್ ಮತ್ತು ಆಕ್ಸಲ್‌ಗಳೂ ಆ ಭಾರ ತಡೆಯದಿರಬಹುದು.

ಹಿಚ್ ಬಾಲ್ ಮೇಲೆ ಎಳೆಯುವ ಟ್ರೇಲರ್‌ನಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. 8,300ಕ್ಕೆ ಅದು 830ರಿಂದ 1,245 ಪೌಂಡ್. ಟ್ರ್ಯಾಕ್ಟರನ್ನು ಸ್ವಲ್ಪ ಹಿಂದೆ ನಿಲ್ಲಿಸಿದರೂ ಈ ಪಾಲು ಕಡಿಮೆಯಾಗಿ ಟ್ರೇಲರ್ ಬಾಲದಂತೆ ಓಲಾಡತೊಡಗುತ್ತದೆ. ಟ್ರೇಲರ್ ಎಳೆಯುವಾಗ ಈ ರಾಜ್ಯದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ ಎನ್ನುವುದೂ ನೆನಪಿರಲಿ.

ಇನ್ನೊಂದು ಮಾತು. ಜಮೀನಿನ ಬೆಳೆಯನ್ನು ಮಾರಲು ಆರಂಭಿಸಿದರೆ ಅದು ಸ್ವಂತ ಬಳಕೆ ಎನಿಸಿಕೊಳ್ಳುವುದಿಲ್ಲ. ಅಂಥ ವ್ಯವಹಾರಕ್ಕಾಗಿ ರಾಜ್ಯದ ಗಡಿ ದಾಟುವ ಗಾಡಿ ಮತ್ತು ಟ್ರೇಲರ್‌ಗಳ ರೇಟಿಂಗ್ ಸೇರಿ 10,001 ಪೌಂಡ್ ತಲುಪಿದರೆ ಯುಎಸ್‌ಡಾಟ್ ಸಂಖ್ಯೆಯ (ಒಕ್ಕೂಟ ಸಾರಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ನಿಯಮಗಳು ಬರುತ್ತವೆ, ಮತ್ತು ನಿಮ್ಮ ಪಿಕಪ್ ಒಂದೇ ಆ ಗಡಿಯನ್ನು ಮೀರಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೆಳೆ ಮನೆಯ ಮಟ್ಟಿಗೆ ಮಾತ್ರ, ಮಾರುವುದಿಲ್ಲ. 9,990 ಪೌಂಡ್‌ಗಳ ಟ್ರೇಲರನ್ನೇ ನೋಡುತ್ತೇನೆ. ಮುಂಗಡ ಕೊಡುವ ಮೊದಲು ಅದರ ಫಲಕವನ್ನು ನಾನೇ ಓದಿಕೊಳ್ಳುತ್ತೇನೆ. ಪಿಕಪ್‌ನ ನೋಂದಣಿ ಪತ್ರದಲ್ಲಿ ಘೋಷಿತ ತೂಕ 10,001ರಿಂದ 15,000 ಪೌಂಡ್‌ಗಳ ಶ್ರೇಣಿಯಲ್ಲಿದೆ, ಹಾಗಾಗಿ ಅದನ್ನು ಬದಲಾಯಿಸುವ ಅಗತ್ಯ ಕಾಣುತ್ತಿಲ್ಲ.