ಹಳೆಯ ಅಂಬಾಸಡರ್ ಎಂಜಿನ್ನಿನ ‘ಟಕ್ ಟಕ್’: ಟ್ಯಾಪೆಟ್ಟೋ, ಬೇರಿಂಗೋ?

ಪ್ರಶ್ನೆ (ಹಾಸನ): ನಮ್ಮ ತಂದೆಯವರು ಬಳಸುತ್ತಿದ್ದ 1984ರ ಮಾರ್ಕ್ 4 ಅಂಬಾಸಡರ್ ಪೆಟ್ರೋಲ್ ಕಾರನ್ನು ಎರಡು ವರ್ಷಗಳ ನಂತರ ಶೆಡ್ಡಿನಿಂದ ಹೊರತೆಗೆದಿದ್ದೇನೆ. ಎಂಜಿನ್ ಸುಲಭವಾಗಿಯೇ ಸ್ಟಾರ್ಟ್ ಆಗುತ್ತದೆ. ಆದರೆ ಒಂದೇ ಸಮನೆ ‘ಟಕ್ ಟಕ್’ ಎನ್ನುವ ಸದ್ದು ಬರುತ್ತಿದ್ದು, ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ ಎಂದರು, ಇನ್ನೊಬ್ಬರು ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದರು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಮೈಸೂರು): ಎಂಜಿನ್ ಇಳಿಸಲು ಒಪ್ಪುವ ಮೊದಲು ಒಂದು ಸಂಜೆಯನ್ನು ಆ ಸದ್ದು ಕೇಳುವುದಕ್ಕೇ ಮೀಸಲಿಡಿ. ನಾನು ಹಾಗೆ ಮಾಡದೆ, ಒಂದು ಗ್ಯಾರೇಜಿನವರ ಮಾತಿಗೆ ತಲೆಯಾಡಿಸಿ, ಬೇರಿಂಗುಗಳನ್ನೆಲ್ಲ ಬದಲಿಸಿಕೊಂಡು ಬಂದ ದಿನವೂ ಅದೇ ಸದ್ದು ಅದೇ ಜಾಗದಿಂದ ಬರುತ್ತಿತ್ತು.

ತಮ್ಮ ಕಾರಿನ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ವಂಶದ್ದು. ಇದರಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಎಂಬ ದಂಡ ಬ್ಲಾಕಿನೊಳಗಿದ್ದು, ಟ್ಯಾಪೆಟ್, ಪುಷ್ ರಾಡ್ ಎಂಬ ಸರಳು, ರಾಕರ್ ಎಂಬ ಸನ್ನೆ ಇವುಗಳ ಮೂಲಕ ವಾಲ್ವನ್ನು ಒತ್ತುತ್ತದೆ. ರಾಕರಿಗೂ ವಾಲ್ವಿಗೂ ನಡುವೆ ಬೇಕೆಂದೇ ಒಂದಿಷ್ಟು ಸಂದು ಬಿಟ್ಟಿರುವುದರಿಂದ, ಎಂಟೂ ವಾಲ್ವುಗಳು ಹೊಲಿಗೆ ಯಂತ್ರದಂತೆ ಸಮನಾಗಿ ಸದ್ದು ಮಾಡುವುದು ಈ ಎಂಜಿನ್ನಿಗೆ ಸಹಜ; ಒಂದು ಮಾತ್ರ ಉಳಿದವುಗಳನ್ನು ಮೀರಿ ಬಡಿಯುತ್ತಿದ್ದರೆ ಹುಡುಕಬೇಕು.

ಮೊದಲು ಆಯಿಲ್ ಮಟ್ಟವನ್ನೂ ಪ್ರೆಶರನ್ನೂ ನೋಡಿ. ಪ್ರೆಶರ್ ಬಿದ್ದಿದ್ದರೆ ಎಂಜಿನ್ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಅದು ಸರಿಯಿದ್ದರೆ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಮೇಲೂ, ಬಳಿಕ ಬ್ಲಾಕಿನ ಕೆಳಭಾಗದಲ್ಲೂ ಇಟ್ಟು, ಹಿಡಿಗೆ ಕಿವಿಗೊಟ್ಟು ಆಲಿಸಿ. ಫ್ಯಾನಿನ ಕಡೆ ತೋಳು, ಟವೆಲ್ಲು ಹೋಗದಂತೆ ಎಚ್ಚರವಿರಲಿ.

ಇದಕ್ಕಿಂತಲೂ ಖಚಿತವಾದದ್ದು ಸದ್ದಿನ ಲೆಕ್ಕ. ಕ್ಯಾಮ್ ಶಾಫ್ಟ್ ತಿರುಗುವುದು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಅರ್ಧ ವೇಗದಲ್ಲಿ. ಅಂದರೆ ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವ್ 400 ಬಾರಿ ಬಡಿಯುತ್ತದೆ. ಇದನ್ನು ಕಿವಿಯಿಂದ ಎಣಿಸಲಾಗದು, ಆದರೆ ಒಂದನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟ್ (ಪ್ಲಗ್ಗಿನ ಪ್ರತಿ ಕಿಡಿಗೂ ಮಿನುಗುವ ದೀಪ) ಹಾಕಿದರೆ ಅದೂ ಎರಡು ಸುತ್ತಿಗೊಮ್ಮೆಯೇ ಮಿನುಗುತ್ತದೆ. ಒಂದು ಮಿಂಚಿಗೆ ಒಂದು ‘ಟಕ್’ ಆದರೆ ದೋಷ ಹೆಚ್ಚಾಗಿ ವಾಲ್ವುಗಳ ಕಡೆಗಿರುತ್ತದೆ, ಎರಡಾದರೆ ಕ್ರ್ಯಾಂಕಿನ ಕಡೆಗೆ. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ಹಿಡಿಯುವ ಜಾಗದ ಬಿಗ್ ಎಂಡ್ ಬೇರಿಂಗಿನ ಸದ್ದು ‘ಟಕ್’ ಎನ್ನುವುದಕ್ಕಿಂತ ‘ಧಡ್’ ಎನ್ನುವಷ್ಟು ಭಾರವಾಗಿರುತ್ತದೆ. ಬೇರಿಂಗ್ ಸವೆದ ಸಿಲಿಂಡರಿನ ಪ್ಲಗ್ ವೈರನ್ನು ತೆಗೆದಾಗ ಅದು ತಗ್ಗುತ್ತದೆ, ಟ್ಯಾಪೆಟ್ ಸದ್ದು ತಗ್ಗುವುದಿಲ್ಲ. ಎಂಜಿನ್ ನಿಲ್ಲಿಸಿ ವೈರನ್ನು ಕಳಚಿ, ಅದರ ತುದಿಯನ್ನು ಬಾಡಿಗೆ ಅರ್ತ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಓಡುತ್ತಿರುವಾಗ ಕೈಯಿಂದ ಎಳೆದರೆ ಶಾಕ್ ಹೊಡೆಯುತ್ತದೆ.

ಉತ್ತರ 2 (ದಾವಣಗೆರೆ): ಮೇಲಿನವರು ಹೇಳಿದ್ದು ಸರಿ. ಟ್ಯಾಪೆಟ್ ಎಂದು ಖಚಿತವಾದರೆ ಎಂಜಿನ್ ಬಿಸಿಯಿರುವಾಗ ಕವರ್ ತೆಗೆದು, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಸಂದು ಇಡಿ. ಯಾವ ವಾಲ್ವನ್ನು ಯಾವಾಗ ಹಿಡಿಯಬೇಕು ಎಂಬುದಕ್ಕೆ ಒಂಬತ್ತರ ಲೆಕ್ಕವಿದೆ: ಮುಂದಿನಿಂದ ಎಣಿಸಿ ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು, ಹೀಗೆ ಎರಡರ ಮೊತ್ತ ಒಂಬತ್ತಾಗಬೇಕು. ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ಎಂಜಿನ್ನನ್ನು ಹ್ಯಾಂಡಲಿನಿಂದ ಹಗುರವಾಗಿ ತಿರುಗಿಸಬಹುದು.

ನನ್ನ ಕಾರಿನಲ್ಲಿ ಹೀಗೆ ಮೂರು ಸಲ ಮಾಡಿದರೂ ಆರನೇ ವಾಲ್ವಿನ ಸದ್ದು ಹೋಗಲಿಲ್ಲ; ಗೇಜು ಮಾತ್ರ ಪ್ರತಿಸಲವೂ ಸರಿಯೆಂದೇ ತೋರಿಸುತ್ತಿತ್ತು. ಕೊನೆಗೆ ರಾಕರ್ ಶಾಫ್ಟನ್ನೇ ಬಿಚ್ಚಿ, ಆ ರಾಕರನ್ನು ಮಗುಚಿ ಬಿಸಿಲಿಗೆ ಹಿಡಿದಾಗ, ವಾಲ್ವಿನ ತುದಿ ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಹಳ್ಳ ಬಿದ್ದಿತ್ತು. ಗೇಜಿನ ಚಪ್ಪಟೆ ಪಟ್ಟಿ ಆ ಹಳ್ಳದ ಎರಡು ದಡಗಳ ಮೇಲೆ ಹಲಗೆಯಂತೆ ಕೂರುವುದರಿಂದ, ಹಳ್ಳದ ಆಳ ಅಳತೆಗೆ ಸಿಗುವುದೇ ಇಲ್ಲ. ಶಾಫ್ಟಿನ ಅಡಿಭಾಗವೂ ರಾಕರುಗಳ ಕೆಳಗೆ ಸವೆದು ಮೆಟ್ಟಿಲಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಶಾಫ್ಟನ್ನೂ ರಾಕರನ್ನೂ ತಂದು ಹಾಕಿದ ಮೇಲೆ, ಐಡಲ್‌ನಲ್ಲಿ ಫ್ಯಾನ್ ಬೆಲ್ಟಿನ ಕಿರುಗುಟ್ಟುವಿಕೆ ಕೇಳತೊಡಗಿತು. ಅದುವರೆಗೂ ಆ ಸದ್ದು ಇದೆಯೆಂದೇ ನನಗೆ ಗೊತ್ತಿರಲಿಲ್ಲ!

ಉತ್ತರ 3 (ಉಡುಪಿ): ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಕೊಳವೆ) ಗ್ಯಾಸ್ಕೆಟ್ ಸೋರಿದರೂ ಎಷ್ಟೋ ಸಲ ಟ್ಯಾಪೆಟ್ಟಿನಂತೆಯೇ ಕೇಳಿಸುತ್ತದೆ, ನಾನು ಮೋಸಹೋಗಿದ್ದು ಅಲ್ಲಿ. ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿ ಹಿಡಿದಿದೆಯೇ ನೋಡಿ. ಮಸಿ ಕಂಡರೆ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಹತ್ತಿರ ಹಿಡಿದು, ಇನ್ನೊಂದನ್ನು ಆ ಅಂಚಿನುದ್ದಕ್ಕೂ ಸರಿಸಿದರೆ ಸೋರುವ ಜಾಗದಲ್ಲಿ ‘ಚಫ್ ಚಫ್’ ಸ್ಪಷ್ಟವಾಗುತ್ತದೆ. ಇನ್ನೊಂದು ಮಾತು: ಟ್ಯಾಪೆಟ್ ಕವರ್ ತೆಗೆಯುವ ಮುನ್ನ ಹೊಸ ಕಾರ್ಕ್ ಗ್ಯಾಸ್ಕೆಟ್ ಕೈಯಲ್ಲಿರಲಿ. ಕವರನ್ನು ಮತ್ತೆ ಕೂರಿಸುವಾಗ ನಟ್ಟುಗಳನ್ನು ಅತಿಯಾಗಿ ಬಿಗಿದರೆ ಕಾರ್ಕ್ ಹಿಸುಕಿ ಹೊರಬಂದು, ಸದ್ದು ಹೋದ ಕಾರಿನ ಅಡಿಯಲ್ಲಿ ಆಯಿಲ್ ತೊಟ್ಟಿಕ್ಕಲು ಶುರುವಾಗುತ್ತದೆ.