ಆನರ್ಸ್ ಸಂಶೋಧನೆಗೆ ರಂಗಬೆಳಕು: ವಿಷಯ ಎಷ್ಟು ಕಿರಿದಾಗಬೇಕು?

ಪ್ರಶ್ನೆ: ‘ಕನ್ನಡ ರಂಗಭೂಮಿಯಲ್ಲಿ ಬೆಳಕು’ ಅಂದರೆ ಮಾರ್ಗದರ್ಶಕರು ತೀರಾ ದೊಡ್ಡದು ಅಂತಾರೆ. ಹೇಗೆ ಕಿರಿದಾಗಿಸಲಿ?

ಉತ್ತರ 1: ಸರಿಯಾಗೇ ಹೇಳಿದ್ದಾರೆ. ಅದು ಪ್ರಶ್ನೆಯಲ್ಲ, ಇಡೀ ಕಪಾಟು! ಒಂದೇ ದೃಶ್ಯ ತಗೊಳ್ಳಿ. ಮೊದಲು ಮೆಕ್‌ಕ್ಯಾಂಡ್‌ಲೆಸ್ ಪದ್ಧತಿ: ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ, ಒಂದಕ್ಕೆ ಬೆಚ್ಚನೆಯ ಬಣ್ಣ, ಇನ್ನೊಂದಕ್ಕೆ ತಣ್ಣನೆಯದು. ಆಮೇಲೆ ಅದೇ ದೃಶ್ಯಕ್ಕೆ ಒಂದೇ ಪಕ್ಕದ ದೀಪ. ಮುಖಭಾವ ಕಾಣುವುದರಲ್ಲಿ ಏನು ಬದಲಾಯಿತು? ಇಷ್ಟೇ ಸಾಕು. ಮೇಕಪ್, ಚಲನೆ ಬದಲಾಗಕೂಡದು.

ಉತ್ತರ 2: ಎಡವುವುದು ದೃಶ್ಯದ ವಿಡಿಯೊ ದಾಖಲೆಯಲ್ಲಿ. ಕ್ಯಾಮೆರಾ ಆಟೊದಲ್ಲಿದ್ದರೆ ಕತ್ತಲನ್ನು ತಾನೇ ಬೆಳಗಿಸಿ ವ್ಯತ್ಯಾಸ ಅಳಿಸಿಬಿಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಲಾಕ್ ಮಾಡಿ. ಶಟರ್ 1/50 ಸೆಕೆಂಡಿಗೆ ಇಟ್ಟರೆ ದೀಪದ ಮಿನುಗು ಕಡಿಮೆ. ಕ್ಯೂ (ಬೆಳಕು ಯಾವಾಗ, ಹೇಗೆ ಬದಲಾಗಬೇಕೆಂಬ ಸೂಚನೆ) ಬದಲಿಸಿದಾಗಲೆಲ್ಲ ದಿನಾಂಕ, ಕಾರಣ ಬರೆದಿಡಿ.

ಉತ್ತರ 3: ಪ್ರೇಕ್ಷಕರ ಅಭಿಪ್ರಾಯ ಕೇಳುವುದಾದರೆ ಒಪ್ಪಿಗೆ ಪತ್ರ ಪ್ರದರ್ಶನಕ್ಕೂ ಮೊದಲೇ ಸಿದ್ಧವಿರಲಿ.